ದೋಹಾದ ನಡುರಾತ್ರಿ ಮ್ಯಾರಥಾನ್: ಒಂದು ಅಭಿನಂದನಾ ಪತ್ರ

ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ಗೆ ಊರು, ತಿಂಗಳು, ಗಳಿಗೆ ಗೊತ್ತುಮಾಡುವ ಮಹನೀಯರೇ,

2019ರ ಸೆಪ್ಟೆಂಬರ್ 27ರ ರಾತ್ರಿ ದೋಹಾದ ಕಡಲಂಚಿನ ರಸ್ತೆಯಲ್ಲಿ ನೀವು ನಡೆಸಿದ ಮಹಿಳೆಯರ ಮ್ಯಾರಥಾನ್‌ ಬಗ್ಗೆ ಎಲ್ಲರೂ ಬೈದರು, ಹೊಗಳಿದವರಿಲ್ಲ. ಆ ಬಾಕಿ ತೀರಿಸಲು ಈ ಪತ್ರ.

ಓಟ ಶುರುವಾದದ್ದು 11 ಗಂಟೆ 59 ನಿಮಿಷಕ್ಕೆ. ಆ ಸರಿರಾತ್ರಿಯಲ್ಲೂ ಉಷ್ಣಾಂಶ 32 ಡಿಗ್ರಿ ಸೆಲ್ಸಿಯಸ್ ಆಸುಪಾಸು, ತೇವಾಂಶ ಶೇ 70ಕ್ಕೂ ಹೆಚ್ಚು. ಓಡಿದವರು 68 ಮಂದಿ, ಮುಗಿಸಿದವರು 40. ಇಥಿಯೋಪಿಯಾದಿಂದ ಬಂದಿದ್ದ ಮೂವರಲ್ಲಿ ಒಬ್ಬರೂ ಗುರಿ ಮುಟ್ಟಲಿಲ್ಲ. ಗೆದ್ದ ಕೆನ್ಯಾದ ರೂತ್ ಚೆಪ್‌ನ್ಗೆಟಿಚ್ ತೆಗೆದುಕೊಂಡದ್ದು 2 ಗಂಟೆ 32 ನಿಮಿಷ 43 ಸೆಕೆಂಡು. ಈ ಚಾಂಪಿಯನ್‌ಷಿಪ್‌ನ ಚರಿತ್ರೆಯಲ್ಲೇ ಅಷ್ಟು ನಿಧಾನವಾಗಿ ಯಾರೂ ಗೆದ್ದಿರಲಿಲ್ಲ. ಆದರೆ ನಿಮ್ಮ ಸಿದ್ಧತೆಯಲ್ಲಿ ಕೊರತೆಯಿರಲಿಲ್ಲ. ಗಾಲಿಕುರ್ಚಿ, ಸ್ಟ್ರೆಚರ್, ಗಾಲ್ಫ್ ಗಾಡಿ, ಹೆಚ್ಚುವರಿ ವೈದ್ಯರು, ಎಲ್ಲವೂ ಹಾಜರು. ಮದುವೆಮನೆಯಲ್ಲಿ ಊಟದೆಲೆ ಲೆಕ್ಕ ಹಾಕುವ ಹಿರಿಯರಂತೆ, ಎಷ್ಟು ಜನ ಬಿದ್ದಾರು ಎಂದು ಮೊದಲೇ ಅಂದಾಜು ಕಟ್ಟಿದ್ದಿರಿ. ಮುಗಿದ ಮೇಲೆ ನೀವು ಕೊಟ್ಟ ಹೇಳಿಕೆಯೂ ಸೊಗಸಾಗಿತ್ತು: ಯಾರಿಗೂ ಉಷ್ಣಾಘಾತ ಆಗಿಲ್ಲ, ಚಿಕಿತ್ಸಾ ಕೇಂದ್ರಕ್ಕೆ ಬಂದವರೆಲ್ಲ ಮುನ್ನೆಚ್ಚರಿಕೆಗಾಗಿ ಬಂದವರು. ಗಾಲಿಕುರ್ಚಿಯಲ್ಲಿ ಕತ್ತು ಹೊರಳಿಸಿಕೊಂಡು ಕುಳಿತು ಬರುವ ಆ ಮುನ್ನೆಚ್ಚರಿಕೆಯನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು.

ಸೆಕೆ ಎಂದರೇನೆಂದು ನಮ್ಮ ಕರಾವಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬೆವರು ಸುರಿಯುತ್ತದೆ, ಆರುವುದಿಲ್ಲ. ಆರದ ಬೆವರಿಗೆ ಮೈ ತಣಿಸುವ ಶಕ್ತಿಯಿಲ್ಲ. ಹಾಗಿದ್ದೂ ಓಡುತ್ತಲೇ ಇದ್ದರೆ ಒಳಗಿನ ಬಿಸಿ 40 ಡಿಗ್ರಿ ದಾಟುತ್ತದೆ, ಮಾತು ತೊದಲುತ್ತದೆ, ದಿಕ್ಕು ತಪ್ಪುತ್ತದೆ. ಆಗ ಹಣೆ, ಕಂಕುಳಿನ ಥರ್ಮಾಮೀಟರ್ ನಂಬುವಂತಿಲ್ಲ. ಗುದದಲ್ಲಿಟ್ಟೇ ನೋಡಬೇಕು. ನೋಡಿದ ತಕ್ಷಣ ಮಂಜುಗಡ್ಡೆ ಬೆರೆಸಿದ ನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿ, ಮೈ ಸುತ್ತ ನೀರು ಕಲಕುತ್ತಿರಬೇಕು. ಅರ್ಧ ಗಂಟೆಯೊಳಗೆ ಬಿಸಿ ಇಳಿದರೆ ಜೀವ ಉಳಿಯುತ್ತದೆ. ಮೊದಲು ತಣಿಸು, ಆಮೇಲೆ ಸಾಗಿಸು ಎಂಬುದು ಕ್ರೀಡಾವೈದ್ಯರ ಪಾಠ. ಸೈರನ್ ಹಾಕಿಕೊಂಡು ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸ್ ಇಲ್ಲಿ ಹೊತ್ತು ಕಳೆಯುತ್ತದೆ ಅಷ್ಟೆ. ದೋಹಾದಲ್ಲಿ ಕೆಲವು ಕ್ರೀಡಾಪಟುಗಳು ಹೊಟ್ಟೆಯೊಳಗಿನ ಬಿಸಿ ಅಳೆಯುವ ಎಲೆಕ್ಟ್ರಾನಿಕ್ ಗುಳಿಗೆಯನ್ನೂ ನುಂಗಿ ಓಡಿದರು. ವಿಜ್ಞಾನಕ್ಕೆ ನಿಮ್ಮಿಂದ ಆದ ಉಪಕಾರ ಸಣ್ಣದಲ್ಲ.

ವೈದ್ಯರ ಸಿದ್ಧತೆಯೇ ತಪ್ಪು ಎನ್ನುತ್ತಿಲ್ಲ. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಯೂರೊ ಫುಟ್‌ಬಾಲ್ ಪಂದ್ಯದ ನಡುವೆ ಡೆನ್ಮಾರ್ಕ್‌ನ ಆಟಗಾರ ಕ್ರಿಸ್ಟಿಯನ್ ಎರಿಕ್ಸೆನ್ ಕುಸಿದರು, ಹೃದಯ ನಿಂತಿತ್ತು. ಎದೆ ಒತ್ತಿ, ವಿದ್ಯುತ್ ಆಘಾತ ಕೊಟ್ಟು ಮೈದಾನದಲ್ಲೇ ಉಳಿಸಿಕೊಂಡರು. ತುರ್ತು ಚಿಕಿತ್ಸೆ ಇರುವುದೇ ಇಂಥದ್ದಕ್ಕೆ. ಅಲ್ಲಿ ಬಂದ ವಿಪತ್ತಿಗೆ ಮುನ್ಸೂಚನೆಯಿರಲಿಲ್ಲ. ದೋಹಾದ ಸೆಕೆಗೆ ಐದು ವರ್ಷದ ಮುನ್ಸೂಚನೆಯಿತ್ತು. 2014ರ ನವೆಂಬರಿನಲ್ಲಿ ಬಾರ್ಸಿಲೋನಾ, ಯೂಜೀನ್ ಎರಡನ್ನೂ ಬಿಟ್ಟು ದೋಹಾಕ್ಕೆ ಮತ ಹಾಕಿದಿರಿ. ಬಿಸಿಲೆಂದು ಕೂಟವನ್ನು ಸೆಪ್ಟೆಂಬರ್ ಕೊನೆಗೆ ತಳ್ಳಿದಿರಿ. ಸಾಲದೆಂದು ಓಟವನ್ನು ನಡುರಾತ್ರಿಗೆ ತಳ್ಳಿದಿರಿ. ಕೂಟದ ಖಲೀಫಾ ಕ್ರೀಡಾಂಗಣಕ್ಕೆ ಹವಾನಿಯಂತ್ರಣವಿತ್ತು. 42 ಕಿಲೋಮೀಟರ್ ಓಡುವವರ ಪಾಲಿಗೆ ಮಾತ್ರ ಬಯಲು ರಸ್ತೆ. ತಿಂಗಳು ಬದಲಾಯಿತು, ಗಳಿಗೆ ಬದಲಾಯಿತು, ಊರು ಕದಲಲಿಲ್ಲ.

ಐದನೆಯವರಾಗಿ ಮುಗಿಸಿದ ಬೆಲಾರೂಸ್‌ನ ವೋಲ್ಹಾ ಮಜುರೋನಕ್ ಅವರಿಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಕೂಟವನ್ನು ಇಲ್ಲಿಗೆ ತಂದ ದೊಡ್ಡವರು ತಂಪಿನಲ್ಲಿದ್ದಾರೆ, ಈಗ ಪ್ರಾಯಶಃ ನಿದ್ದೆ ಮಾಡುತ್ತಿದ್ದಾರೆ ಎಂದುಬಿಟ್ಟರು. ಆಕೆಯನ್ನು ಕ್ಷಮಿಸಿಬಿಡಿ. ಆ ಹೊತ್ತಿನಲ್ಲಿ ಮಲಗಿರುವುದೇ ಆರೋಗ್ಯಕ್ಕೆ ಹಿತವೆಂದು ಯಾವ ವೈದ್ಯರೂ ಹೇಳುತ್ತಾರೆ.

ನನ್ನ ತಕರಾರು ಒಂದೇ. ಓಟದ ನಡುವೆ ಯಾರನ್ನಾದರೂ ನಿಲ್ಲಿಸುವ ಅಧಿಕಾರ ನಿಮ್ಮ ನಿಯಮದಲ್ಲೇ ವೈದ್ಯಾಧಿಕಾರಿಗಿದೆ. ಒಬ್ಬಳನ್ನು ನಿಲ್ಲಿಸಬಲ್ಲ ವೈದ್ಯರು ಓಟವನ್ನೇ ಏಕೆ ನಿಲ್ಲಿಸಬಾರದು? ವೈದ್ಯರು ಸಿದ್ಧರಿದ್ದಾರೆ ಎಂಬ ಮಾತು ನಿಮ್ಮ ಕೈಗೆ ಪರವಾನಗಿಯಾಗಿ ಸಿಕ್ಕಿದೆ. ಅವರು ಹೆಚ್ಚು ಸಿದ್ಧರಾದಷ್ಟೂ ನಿಮಗೆ ಹೆಚ್ಚು ಧೈರ್ಯ.

ಊರು ಬದಲಿಸಲಾಗದು ಎಂದು ಮಾತ್ರ ಹೇಳಬೇಡಿ. ದೋಹಾದ ದೃಶ್ಯ ಕಂಡ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2019ರ ಅಕ್ಟೋಬರ್ 16ರಂದೇ ಟೋಕಿಯೊ ಒಲಿಂಪಿಕ್ಸ್‌ನ ಮ್ಯಾರಥಾನನ್ನು ಉತ್ತರದ ಸಪ್ಪೊರೊಗೆ ಸಾಗಿಸುವ ಯೋಜನೆ ಪ್ರಕಟಿಸಿತು. ಟೋಕಿಯೊದವರು ಮುನಿದರು, ಓಟ ಸಪ್ಪೊರೊದಲ್ಲೇ ನಡೆಯಿತು. ಅಲ್ಲೂ ಬಿಸಿ ಏರಿದಾಗ, ಮಹಿಳೆಯರ ಓಟವನ್ನು ಹಿಂದಿನ ರಾತ್ರಿಯಷ್ಟೇ ಬೆಳಿಗ್ಗೆ ಏಳು ಗಂಟೆಯಿಂದ ಆರಕ್ಕೆ ತಂದರು. ಆದ್ದರಿಂದ ಮುಂದಿನ ಊರಿಗೆ ಮತ ಹಾಕುವ ದಿನ ಆ ಮೇಜಿಗೆ ವೈದ್ಯರೊಬ್ಬರನ್ನು ಕರೆಯಿರಿ, ಬೇಡ ಎನ್ನುವ ಹಕ್ಕನ್ನೂ ಕೊಡಿ.

ಇತಿ,
ಫ್ಯಾನಿನ ಕೆಳಗೆ ಕೂತು ಓಟ ನೋಡಿದ ಒಬ್ಬ ಪ್ರೇಕ್ಷಕ