ಪ್ಲೇಟು ಪ್ರಯಾಣ ಮೀಮಾಂಸೆ

ಯಾವ ಶಾಸ್ತ್ರಕ್ಕಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕು. ಇಲ್ಲಿ ಅಧಿಕಾರಿ ಎಂದರೆ ಧಾರವಾಡದಿಂದ ಬೆಂಗಳೂರಿಗೆ ವರ್ಗವಾದ, ಅಪ್ಪನ ಕಾಲದ ಗ್ರಾಮಾಫೋನ್ ಪ್ಲೇಟುಗಳ ಒಡೆಯ. ವಿಷಯ, ಆ ಪ್ಲೇಟುಗಳು. ಸಂಬಂಧ, ಮದುವೆಗಿಂತ ಹಳೆಯದು. ಪ್ರಯೋಜನವೇನೆಂಬ ಬಗ್ಗೆ ಮನೆಯಲ್ಲಿ ಒಮ್ಮತವಿಲ್ಲ. ಆದ್ದರಿಂದ ಅದನ್ನು ಬಿಟ್ಟು ಮುಂದೆ ಹೋಗುವುದೇ ಶಾಸ್ತ್ರಸಮ್ಮತ.

ಮೊದಲು ದ್ರವ್ಯನಿರ್ಣಯ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಅರಗಿನದು ಎಂಬುದು ಲೋಕರೂಢಿ. ಅರಗಿರುವುದು ನಿಜ, ಆದರೆ ಅದು ಅಂಟಿನ ಲೆಕ್ಕಕ್ಕೆ. ಹೆಚ್ಚಿನ ಪಾಲು ನುಣ್ಣಗೆ ಅರೆದ ಕಲ್ಲಿನ ಪುಡಿ. ಪಂಡಿತರು ಪುಸ್ತಕ ತಿರುವಿ ಕಂಡುಕೊಂಡ ಈ ತತ್ತ್ವವನ್ನು ಹಮಾಲನೊಬ್ಬ ಡಬ್ಬಿಗೆ ಹೆಗಲು ಕೊಟ್ಟ ಮರುಕ್ಷಣವೇ ಪ್ರತ್ಯಕ್ಷ ಪ್ರಮಾಣದಿಂದ ಸಾಧಿಸಿಬಿಟ್ಟ: ‘ಏನ್ರೀ ಸಾಹೇಬ್ರ, ಇದರಾಗ ಕಲ್ಲು ತುಂಬೀರೇನು?’ ಅವನಿಗೆ ಡಾಕ್ಟರೇಟು ಕೊಡದೆ ಐವತ್ತು ರೂಪಾಯಿಗೆ ಚೌಕಾಸಿ ಮಾಡಿದ್ದು ನಮ್ಮ ವಿದ್ವತ್ ಪರಂಪರೆಗೆ ಒಪ್ಪುವಂತೆಯೇ ಇದೆ.

ಅರಗಿನ ಪ್ಲೇಟು ಬಾಗುವುದಿಲ್ಲ, ಒಡೆಯುತ್ತದೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ವಿನೈಲಿನ ಎಲ್‌ಪಿ ಅಷ್ಟು ಸುಲಭಕ್ಕೆ ಒಡೆಯುವುದಿಲ್ಲ, ಬಾಗುತ್ತದೆ. ಮೊದಲನೆಯದು ಸ್ವಾಭಿಮಾನಿ, ಎರಡನೆಯದು ಸರ್ಕಾರಿ ನೌಕರ. ಇನ್ನೊಂದು ವಿಷಯ, ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಹೊರಡುವ ಮುನ್ನ ಧೂಳು ಒರೆಸುವ ಉತ್ಸಾಹಕ್ಕೆ ಸ್ಪಿರಿಟ್ಟು ಮುಟ್ಟಿಸಿದರೆ ಮಲ್ಲಿಕಾರ್ಜುನ ಮನ್ಸೂರರ ತಾನುಗಳೆಲ್ಲ ಹತ್ತಿಯ ಉಂಡೆಗೆ ಬಂದುಬಿಡುತ್ತವೆ. ಡ್ರೈವರನಿಗೆ ಹೇಳಿದ ಪಥ್ಯವೇ ಸರಕಿಗೂ.

ಇನ್ನು ಭಂಗಿ ಪ್ರಕರಣ. ವಾದವೆಲ್ಲ ಇರುವುದು ಇಲ್ಲೇ. ಶಿಲ್ಪಶಾಸ್ತ್ರ ವಿಗ್ರಹಕ್ಕೆ ಹೇಳಿದ ಸ್ಥಾನಕ, ಆಸನ, ಶಯನಗಳೇ ಪ್ಲೇಟಿಗೂ ಅನ್ವಯ. ಒಂದರ ಮೇಲೊಂದು ಮಲಗಿಸಬೇಕೆನ್ನುವವರು ಶಯನವಾದಿಗಳು. ಅನಂತಶಯನನನ್ನು ಸಾಕ್ಷಿಗೆ ಕರೆಯುತ್ತಾರೆ. ಖಂಡನೆ: ಅನಂತಶಯನನ ಮೇಲೆ ಇನ್ನೊಬ್ಬ ಅನಂತಶಯನ, ಅವನ ಮೇಲೆ ಮತ್ತೊಬ್ಬ ಮಲಗಿದ ದೇವಸ್ಥಾನ ಎಲ್ಲಿಯೂ ಇಲ್ಲ. ನೂರು ಎಲ್‌ಪಿ ಸೇರಿದರೆ 25 ಕಿಲೋ ಆರಾಮಾಗಿ ಆಗುತ್ತದೆ. ಅಷ್ಟನ್ನೂ ಅಡಿಯ ಪ್ಲೇಟೇ ಹೊರಬೇಕು. ಅದು ಅರಗಿನದಾಗಿದ್ದು ನಡುವೆ ಒಂದು ಹರಳು ಸಿಕ್ಕಿಕೊಂಡಿದ್ದರೆ ಮೊದಲ ಹಂಪಿಗೇ ಬಿರುಕು. ಆಸನವಾದಿಗಳೆಂದರೆ ಓರೆಯಾಗಿ ಒರಗಿಸುವವರು. ವಿನೈಲು ಒರಗಿದ ಕಡೆಗೇ ಬಾಗಿ ಅಲ್ಲೇ ನಿಲ್ಲುತ್ತದೆ. ಅಂಥವರ ಜೊತೆ ವಾದವೂ ಬೇಡ. ಸಿದ್ಧಾಂತ ಸ್ಥಾನಕವೇ: ಅಂಚಿನ ಮೇಲೆ ನೆಟ್ಟಗೆ, ಒತ್ತಾಗಿ, ಆದರೆ ಬಿಗಿಯಾಗದ ಹಾಗೆ. ಮಧ್ಯದ್ದೊಂದನ್ನು ಎರಡು ಬೆರಳಿನಿಂದ ಎಳೆದರೆ ಬರಬೇಕು. ಬಂದ ಮೇಲೆ ಉಳಿದವು ವಾಲಬಾರದು. ಎಲ್‌ಪಿಯನ್ನು ರಟ್ಟಿನ ಕವರಿನೊಳಗೇ ಬಿಟ್ಟರೆ ಕುಲುಕಿದಾಗಲೆಲ್ಲ ಅದರ ಅಂಚು ಕವರಿನ ಅಂಟು ಬಿಡಿಸುತ್ತದೆ. ಒಳಚೀಲದ ಸಮೇತ ಹೊರತೆಗೆದು ಕವರಿನ ಬೆನ್ನಿಗೆ ನಿಲ್ಲಿಸಬೇಕು. ಡಬ್ಬಿಯ ಸುತ್ತ ನವ್ಯರು ಬಬಲ್ ರ‍್ಯಾಪ್ ಸುತ್ತುತ್ತಾರೆ. ಅದರ ಗುಳ್ಳೆಗಳನ್ನು ಮಕ್ಕಳು ತುಮಕೂರು ಬರುವುದರೊಳಗೆ ಒಡೆದು ಮುಗಿಸಿರುತ್ತಾರೆ. ಹಳೆ ಸೀರೆ, ಧೋತರ ಪದರ ಪದರವಾಗಿ ಇಟ್ಟು ಹೊಲಿದ ಕೌದಿಗೆ ಸಮನಾದದ್ದನ್ನು ಯಾವ ಕಾರ್ಖಾನೆಯೂ ಮಾಡಿಲ್ಲ.

ಮುಹೂರ್ತ ಪ್ರಕರಣ ಚಿಕ್ಕದು, ಏಕೆಂದರೆ ಮುಹೂರ್ತವೇ ಇಲ್ಲ. ವರ್ಗಾವಣೆ ಬರುವುದು ಬೇಸಿಗೆಯಲ್ಲಿ. ತಾಡಪತ್ರಿಯ ಕೆಳಗಿನ ಕಾವಿಗೆ ವಿನೈಲಿನಲ್ಲಿ ಅಲೆ ಏಳುತ್ತದೆ. ತಡೆದರೆ ಮಳೆ, ಕಾಗದದ ಕವರಿಗೆ ಬೂಷ್ಟು. ಇನ್ನೂ ತಡೆದರೆ ಆಷಾಢ, ಮನೆ ಬದಲಿಸುವಂತಿಲ್ಲ. ದಾರಿಯುದ್ದಕ್ಕೂ ಲಾರಿ ಓಡುತ್ತಿದ್ದರೆ ಗಾಳಿಯಾದರೂ ಆಡುತ್ತದೆ. ಸುಮಾರು 430 ಕಿಲೋಮೀಟರಿನ ಈ ಪ್ರಯಾಣದಲ್ಲಿ ಅತ್ಯಂತ ಅಪಾಯದ ಕಾಲವೆಂದರೆ ದಾವಣಗೆರೆಯಲ್ಲಿ ಬೆಣ್ಣೆದೋಸೆಗೆ ಬಿಸಿಲಲ್ಲಿ ನಿಲ್ಲಿಸಿದ ಅರ್ಧ ಗಂಟೆ.

ಹಾಗಾದರೆ ಡಬ್ಬಿ ಎಲ್ಲಿರಬೇಕು? ಕ್ಯಾಬಿನ್ನಿನಲ್ಲಿ, ಒಡೆಯನ ತೊಡೆಯ ಮೇಲೆ, ಸಂಸಾರ ಬಸ್ಸಿನಲ್ಲಿ. ಈ ಸೂತ್ರಕ್ಕೆ ಗೃಹಿಣೀಪಕ್ಷದ ಆಕ್ಷೇಪ ಹೀಗಿದೆ: ‘ನನ್ನ ತವರುಮನಿ ಕನ್ನಡಿ ಬೀರು ಹಗ್ಗಾ ಬಿಗದು ಒಗದೀರಿ. ಈ ಕರೀ ಪ್ಲೇಟಿಗೆ ಕೌದಿ ಹೊಚ್ಚಿ ತೊಡಿಮ್ಯಾಲ ಕುಂಡ್ರಿಸ್ಕೊಂಡೀರಿ.’ ಇದಕ್ಕೆ ಭಾಷ್ಯಕಾರರು ಮೌನವಾಗಿದ್ದಾರೆ. ಮೌನವನ್ನೇ ಉತ್ತರವೆಂದು ಟೀಕಾಕಾರರು ವಿವರಿಸಿ, ತಮ್ಮ ಮನೆಗಳಲ್ಲಿ ಅದನ್ನೇ ಪಾಲಿಸಿದ್ದಾರೆ.

ದೂರ ಪ್ರಯಾಣಕ್ಕೆ ಪರಮ ನಿದರ್ಶನ 1977ರಲ್ಲಿ ಹೊರಟ ವಾಯೇಜರ್ ನೌಕೆಗಳು. ಒಂದೊಂದರಲ್ಲೂ ಚಿನ್ನದ ಲೇಪದ 12 ಇಂಚಿನ ತಾಮ್ರದ ಪ್ಲೇಟು. ಕೇಸರಬಾಯಿ ಕೇರ್ಕರರ ಭೈರವಿ ಅದರಲ್ಲಿದೆ; 55 ಭಾಷೆಗಳ ನಮಸ್ಕಾರಗಳ ನಡುವೆ ಕನ್ನಡದ್ದೂ ಇದೆ. ವಾಯೇಜರ್ 1 ಆಗಲೇ 2,400 ಕೋಟಿ ಕಿಲೋಮೀಟರ್ ದಾಟಿ ಹೋಗಿದೆ. ಒಡೆದ ದೂರು ಬಂದಿಲ್ಲ. ಇದು ಪ್ಯಾಕಿಂಗಿನ ಮಹಿಮೆ ಎಂದು ಪೂರ್ವಪಕ್ಷಿಗಳು ಹೇಳುವುದು ಸಲ್ಲದು. ಆ ದಾರಿಯಲ್ಲಿ ಹಂಪಿಲ್ಲ, ಟೋಲಿಲ್ಲ, ‘ಬಿಡ್ರೀ ಭಾವಾ, ನಾ ಇಳಸ್ತೀನಿ’ ಎಂದು ಮುಂದೆ ಬರುವ ಭಾವಮೈದುನನಿಲ್ಲ. ಆದರೂ ಒಂದು ವಿಷಯದಲ್ಲಿ ನಾಸಾದವರನ್ನು ಮೆಚ್ಚಬೇಕು: ಪ್ಲೇಟಿನ ಜೊತೆಗೇ ಪಿನ್ನು, ನುಡಿಸುವ ಕ್ರಮದ ಚಿತ್ರ ಎಲ್ಲ ಇಟ್ಟು ಕಳಿಸಿದರು. ನಮ್ಮಲ್ಲಿ ಪ್ಲೇಟು ಬರುತ್ತದೆ, ಪಿನ್ನಿನ ಡಬ್ಬಿ ಹಳೆ ಮನೆಯ ಗೂಡಿನಲ್ಲೇ ಉಳಿಯುತ್ತದೆ. ಎಷ್ಟೋ ದಿನ ಯಾರಿಗೂ ಅದು ಗೊತ್ತಾಗದಿರುವುದರಿಂದ, ಪ್ಲೇಟಿರುವುದು ಕಾಯಲಿಕ್ಕೇ ಹೊರತು ಕೇಳಲಿಕ್ಕಲ್ಲ ಎಂಬ ಸಂಗ್ರಾಹಕ ಮತ ತಾನಾಗಿ ಸಿದ್ಧಿಸುತ್ತದೆ.

ಒಡೆದರೇನು ಗತಿ? ಹೊಗೆಯಿಂದ ಬೆಂಕಿಯನ್ನು ಊಹಿಸುವ ಹಾಗೆ ಡಬ್ಬಿಯೊಳಗಿನ ಕರಕರದಿಂದ ನಷ್ಟವನ್ನು ಅನುಮಾನಿಸಿ, ತೆರೆಯದೆ ಅಟ್ಟಕ್ಕೇರಿಸುವುದು ಒಂದು ಪ್ರಾಯಶ್ಚಿತ್ತ. ರಾಜಮತ ಬೇರೆ. ಮೈಸೂರಿನ ಜಯಚಾಮರಾಜ ಒಡೆಯರು ರಷ್ಯನ್ ಸಂಗೀತಗಾರ ಮೆಟ್ನರ್ ಅವರ ಕೃತಿಗಳನ್ನು ತಾವೇ ಹಣ ಕೊಟ್ಟು ಲಂಡನ್ನಿನಲ್ಲಿ ಎಚ್‌ಎಂವಿ ಪ್ಲೇಟಿಗೆ ಹಾಕಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. ಒಡೆದರೆ ಇನ್ನೊಮ್ಮೆ ನುಡಿಸಿಕೊಳ್ಳಬಹುದೆಂಬ ಈ ಮತ ತಿಂಗಳ ಸಂಬಳದವರಿಗೆ ವರ್ಜ್ಯ.

ಕೊನೆಯದು ನಾಮಕರಣ. ಡಬ್ಬಿಯ ಮೇಲೆ ‘ಗಾಜು’ ಎಂದು ಬರೆದರೆ ಎಸೆಯುತ್ತಾರೆ. ‘ಜೋಪಾನ’ ಎಂದು ಬರೆದರೆ ಒಳಗೇನಿದೆ ನೋಡಲು ಅಲುಗಿಸುತ್ತಾರೆ. ‘ದೇವರ ಫೋಟೊ’ ಎಂದು ಬರೆದರೆ ಮಾತ್ರ ಯಾರೂ ಅದರ ಮೇಲೆ ಕಾಲಿಡುವುದಿಲ್ಲ; ನೆಟ್ಟಗೆ ನಿಲ್ಲಿಸಿ, ಕೈಮುಗಿದು ಇಳಿಸುತ್ತಾರೆ. ಇದರಿಂದ ಒಂದೇ ತೊಡಕು: ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲು ದೇವರು ಒಳಗೆ ಹೋಗಬೇಕೆಂದು ಅತ್ತೆಯವರು ಆ ಡಬ್ಬಿಗೇ ಕುಂಕುಮ ಹಚ್ಚಿ ಆರತಿ ಎತ್ತುತ್ತಾರೆ. ಒಳಗಿರುವುದು ನಾಟಕ ಕಂಪನಿಯ ಹಾಸ್ಯದ ಪ್ಲೇಟು ಎಂದು ಆ ಹೊತ್ತಿನಲ್ಲಿ ಬಾಯಿಬಿಡುವುದು ಯಾವ ಶಾಖೆಗೂ ಸಮ್ಮತವಲ್ಲ. ಆರತಿಯಿಂದ ಪ್ಲೇಟಿಗೆ ಹಾನಿಯೂ ಇಲ್ಲ. ತೆಂಗಿನಕಾಯಿ ಒಡೆಯುವಾಗ ಮಾತ್ರ ಡಬ್ಬಿಯನ್ನು ಎರಡು ಮಾರು ದೂರ ಸರಿಸಬೇಕು, ಸರಿಸುವವನು ಭಾವಮೈದುನನಾಗಿರಬಾರದು.