ಮಲ್ಲಿಗೆ ಶೀರ್ಷಿಕೆಯ ತಾತ್ವಿಕ ನೆಲೆಗಳು: ಒಂದು ಮರುಓದಿನ ಪೂರ್ವಪೀಠಿಕೆ

ಕನ್ನಡದ ವಿದ್ವಾಂಸರು ಇದುವರೆಗೆ ಕೃತಿಗಳನ್ನು ತೆರೆದು ಓದುವ ಅನಗತ್ಯ ಶ್ರಮಕ್ಕೆ ತಮ್ಮನ್ನು ಒಡ್ಡಿಕೊಂಡಿದ್ದರಿಂದ, ಹೊದಿಕೆಯ ಮೇಲಿನ ಹೆಸರೊಂದನ್ನೇ ಆಕರವಾಗಿಟ್ಟುಕೊಂಡು ನಾನೂರು ಪುಟಗಳ ಸಂಪ್ರಬಂಧವನ್ನು ಕಟ್ಟಬಹುದೆಂಬ ಸಾಧ್ಯತೆ ಅವರ ಗಮನಕ್ಕೆ ಬಾರದೆ ಹೋಯಿತು. ಈ ಕೊರತೆಯನ್ನು ನೀಗಿಸಲು ಇಲ್ಲಿ ‘ಶೀರ್ಷಿಕಾಮೀಮಾಂಸೆ’ ಎಂಬ ನೂತನ ಶಿಸ್ತನ್ನು ಸ್ಥಾಪಿಸಲಾಗಿದ್ದು, ಅದರ ಪ್ರಥಮ ಪ್ರಯೋಗಕ್ಕೆ ಪುಸ್ತಕ, ಹಾಡು, ಸಿನಿಮಾ, ನಾಟಕ, ಪತ್ರಿಕೆ, ಊದುಬತ್ತಿ ಮತ್ತು ಇಡ್ಲಿಗಳ ನೆತ್ತಿಯ ಮೇಲೆ ಸರದಿಯಂತೆ ಕಾಣಿಸಿಕೊಂಡಿರುವ ‘ಮಲ್ಲಿಗೆ’ಯನ್ನು, ಅದರಲ್ಲೂ ‘ಮೈಸೂರು ಮಲ್ಲಿಗೆ’ಯನ್ನು ಆಯ್ದುಕೊಳ್ಳಲಾಗಿದೆ.

ಮೊದಲಿಗೆ ಪರಿಭಾಷೆ. ಹೂವಲ್ಲದ ವಸ್ತುವಿಗೆ ಹೂವಿನ ಹೆಸರನ್ನು ಮುಡಿಸುವ ಸಾಮುದಾಯಿಕ ಪ್ರವೃತ್ತಿಗೆ ‘ಪುಷ್ಪಶೀರ್ಷಿಕೀಯತೆ’ ಎಂದು ಹೆಸರು. ‘ಸಂಕಥನ’ವೆಂದರೆ, ಮನೆಯ ಜಗಲಿಯ ಮೇಲೆ ಆಡಿದರೆ ಹರಟೆ ಎನಿಸಿಕೊಳ್ಳುವ ಮಾತು ಪ್ರಯಾಣಭತ್ಯೆಯ ಬಲದಿಂದ ವೇದಿಕೆ ಏರಿದಾಗ ತಾಳುವ ರೂಪ. ‘ನೆಲೆ’ ಎಂಬುದಕ್ಕೆ ನಿರ್ದಿಷ್ಟ ಅರ್ಥವಿಲ್ಲವಾದರೂ, ಅದನ್ನು ಪ್ರತಿ ಪುಟದಲ್ಲಿ ಒಮ್ಮೆಯಾದರೂ ಬಳಸದವರಿಗೆ ಪಿಎಚ್.ಡಿ. ದೊರೆತ ನಿದರ್ಶನ ಕಾಣಸಿಗದು. ಈ ಮೂರು ಪರಿಕಲ್ಪನೆಗಳ ಮುಪ್ಪುರಿಯ ಮೇಲೆ ಶೀರ್ಷಿಕೆಗಳನ್ನು ಆದ್ಯಶೀರ್ಷಿಕೆ, ಅನುಶೀರ್ಷಿಕೆ, ಉಪಶೀರ್ಷಿಕೆ, ಅಪಶೀರ್ಷಿಕೆ ಎಂದು ಚತುರ್ವಿಧವಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಏಳೇಳು ಉಪಭೇದಗಳನ್ನು ಗುರುತಿಸಲಾಗುವುದು.

ಆದ್ಯಶೀರ್ಷಿಕೆಯು 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ಕವನ ಸಂಕಲನಕ್ಕೆ ಸಂಬಂಧಿಸಿದ್ದು. ‘ಮೈಸೂರು’ ಎಂಬ ಪೂರ್ವಪದವು ಪ್ರಭುತ್ವವನ್ನೂ ‘ಮಲ್ಲಿಗೆ’ ಎಂಬ ಉತ್ತರಪದವು ಅಧೀನತೆಯನ್ನೂ ಸೂಚಿಸುವುದರಿಂದ, ಇವೆರಡರ ಸಮಾಸವು ‘ಪ್ರಭುತ್ವಾಧೀನ ಪುಷ್ಪಪ್ರಾದೇಶಿಕತೆ’ಯ ಬಿಕ್ಕಟ್ಟೆಂದು ಶೀರ್ಷಿಕಾಮೀಮಾಂಸಕರು ಪ್ರತಿಪಾದಿಸುತ್ತಾರೆ, ಕವಿ ಹುಟ್ಟಿದ್ದು ಮೈಸೂರಿನಲ್ಲಲ್ಲ, ಮಂಡ್ಯ ಸೀಮೆಯ ಕಿಕ್ಕೇರಿಯಲ್ಲಿ ಎಂಬ ಅಂಶವು ಈ ಬಿಕ್ಕಟ್ಟನ್ನು ಇನ್ನಷ್ಟು ಸಂಕೀರ್ಣಗೊಳಿಸಿ, ವಿಚಾರ ಸಂಕಿರಣದ ಬೆಳಗಿನ ಗೋಷ್ಠಿಯನ್ನು ಊಟದ ಹೊತ್ತು ಮೀರಿ ಎಳೆಯಬಲ್ಲುದು. ಪುಸ್ತಕದ ಒಳಗೆ ಏನಿದೆ ಎಂಬುದು ಶಿಸ್ತಿನ ವ್ಯಾಪ್ತಿಗೆ ಹೊರಗಿನದಾದರೂ ಅಡಿಟಿಪ್ಪಣಿಯ ಮಟ್ಟಿಗೆ ಹೇಳುವುದಾದರೆ, ಅದರಲ್ಲಿ ಇರುವುದು ಗಂಡ ಹೆಂಡತಿಯರ ಒಲವು, ಹುಸಿಮುನಿಸು, ತವರಿನ ಸೆಳೆತ, ಮತ್ತು ತವರಿನಲ್ಲಿರುವ ಬಸುರಿ ಹೆಂಡತಿಯ ಸುದ್ದಿಯನ್ನು ಅವಳ ಗಂಡನ ಮನೆಬಾಗಿಲಿಗೆ ಹೊತ್ತು ತರುವ ಬಳೆಗಾರ ಚೆನ್ನಯ್ಯ. ಈ ಚೆನ್ನಯ್ಯನನ್ನು ಓದುಗರು ತುಸು ನೆನಪಿನಲ್ಲಿಟ್ಟುಕೊಳ್ಳಬೇಕು.

ಅನುಶೀರ್ಷಿಕೆಯೆಂದರೆ ಆದ್ಯಶೀರ್ಷಿಕೆಯ ಬೆನ್ನು ಹಿಡಿದು, ಅದರ ಋಣವನ್ನು ಒಪ್ಪಿಕೊಂಡು ಬರುವ ಶೀರ್ಷಿಕೆ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಮೊದಲಾದವರು ಸ್ವರ ಹಾಕಿದ್ದರಿಂದ ಕವಿತೆಗಳು ಪುಸ್ತಕ ಮುಟ್ಟದವರ ನಾಲಿಗೆಗೂ ಇಳಿದವು. ಟಿ.ಎಸ್. ನಾಗಾಭರಣ ಈ ಕವಿತೆಗಳ ಸುತ್ತ ಕಥೆಯೊಂದನ್ನು ಹೆಣೆದು 1992ರಲ್ಲಿ ಅದೇ ಹೆಸರಿನ ಚಿತ್ರವನ್ನು ತೆರೆಗೆ ತಂದರು. ಅಶ್ವತ್ಥ್ ಸಂಗೀತ, ಗಿರೀಶ ಕಾರ್ನಾಡ್ ಮತ್ತು ಸುಧಾರಾಣಿಯವರ ಅಭಿನಯ. ಬೆಂಗಳೂರಿನ ಕಲಾಗಂಗೋತ್ರಿ ತಂಡ ಕವಿಯ ಬದುಕನ್ನೂ ಕವಿತೆಯನ್ನೂ ಕೂಡಿಸಿ ನಾಟಕವಾಡಿತು. ಸಿನಿಮಾದ ಗೀತರಚನೆಗಾಗಿ ನರಸಿಂಹಸ್ವಾಮಿಯವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಆ ಗೀತೆಗಳಿಗೆ ಅರ್ಧ ಶತಮಾನದ ವಯಸ್ಸಾಗಿತ್ತು. ದಿಲ್ಲಿಗೆ ಕಿವಿ ಕೇಳಿಸಲು ಐವತ್ತು ವರ್ಷ ಬೇಕೆಂಬ ಈ ಪ್ರಮೇಯವನ್ನು ‘ವಿಲಂಬಿತ ಮಾನ್ಯತಾ ಸಿದ್ಧಾಂತ’ ಎನ್ನಬಹುದು.

ಉಪಶೀರ್ಷಿಕೆಗೆ ಋಣಪ್ರಜ್ಞೆಯ ಕಾಟವಿಲ್ಲ, ಪರಿಮಳವಷ್ಟೇ ಬೇಕು. ‘ಮಲ್ಲಿಗೆ ಹೂವೆ’, ‘ಮಲ್ಲಿಗೆ ಸಂಪಿಗೆ’ ಎಂಬ ಚಿತ್ರಗಳು, ‘ಮಲ್ಲಿಗೆ’ ಎಂಬ ಮಾಸಪತ್ರಿಕೆ, ಹೋಟೆಲುಗಳ ಮಲ್ಲಿಗೆ ಇಡ್ಲಿ, ಊದುಬತ್ತಿಯ ಪೊಟ್ಟಣ, ಮಲ್ಲಿಗೆ ಗಿಡಗಳನ್ನು ಕಿತ್ತ ಜಾಗದಲ್ಲಿ ಎದ್ದು ಅದೇ ಹೆಸರು ಹೊತ್ತ ಬಡಾವಣೆ, ಎಲ್ಲವೂ ಇಲ್ಲಿ ಸಲ್ಲುತ್ತವೆ. ಘೋಷಿಸಿದ ಏಳು ಉಪಭೇದಗಳ ಪೈಕಿ ಖಾದ್ಯ, ಧೂಪ, ನಿವೇಶನ ಎಂಬ ಮೂರು ದೊರೆತಿದ್ದು, ಉಳಿದವುಗಳನ್ನು ಆಸಕ್ತರು ಪೇಟೆಯಲ್ಲಿ ಒಂದು ಸುತ್ತು ನಡೆದುಬಂದು ಪೂರ್ಣಗೊಳಿಸಿಕೊಳ್ಳಬಹುದು. ಇಡ್ಲಿಗೆ ತಾತ್ವಿಕ ನೆಲೆ ಹುಡುಕುವುದರಿಂದ ಇಡ್ಲಿ ಆರುವುದಲ್ಲದೆ ಬೇರೆ ಪ್ರಯೋಜನವಿಲ್ಲ.

ಹೂವನ್ನೇ ಬದುಕಾಗಿಸಿಕೊಂಡವರ ವರ್ಗೀಕರಣ ಇದಕ್ಕಿಂತ ಎಷ್ಟೋ ಖಚಿತವಾದುದು. ಉಡುಪಿ ಬಳಿಯ ಶಂಕರಪುರದಲ್ಲಿ ಮೊಗ್ಗನ್ನು ಬಿರಿಯುವ ಮುನ್ನ ಬೆಳಗಿನಲ್ಲೇ ಬಿಡಿಸಿ, ಮನೆಯ ಹೆಂಗಸರು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ಅಂದಂದಿನ ದರ. 3,200 ಮೊಗ್ಗುಗಳ ಲೆಕ್ಕ ತಪ್ಪದೆ ಕಟ್ಟುವ ಆ ಬೆರಳುಗಳಿಗೆ ಯಾವ ಗೋಷ್ಠಿಯೂ ಪರಿಭಾಷೆ ಕೊಟ್ಟಿಲ್ಲ, ಅವು ಕೇಳಿಯೂ ಇಲ್ಲ. ಮೈಸೂರಿನ ಮಾರುಕಟ್ಟೆಯಲ್ಲಿ ಮೊಳದ ಲೆಕ್ಕ ನಡೆಯುತ್ತದೆ, ಮೊಳದ ಉದ್ದ ಮಾರುವವರ ತೋಳಿನಷ್ಟೇ ಎಂಬ ತಕರಾರೂ ಅದರ ಜೊತೆಗೇ ನಡೆಯುತ್ತದೆ.

ಹೆಸರು ಯಾರ ಸ್ವತ್ತು ಎಂಬ ಪ್ರಶ್ನೆಗೆ ಕಾನೂನಿನ ಉತ್ತರ ವಿಚಿತ್ರವಾಗಿದೆ. ಬರಿಯ ಶೀರ್ಷಿಕೆ ಕೃತಿಯಲ್ಲ, ಆದಕಾರಣ ಅದಕ್ಕೆ ಕೃತಿಸ್ವಾಮ್ಯವಿಲ್ಲವೆಂದು ಹಿಂದಿ ಚಿತ್ರವೊಂದರ ಹೆಸರಿನ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ; ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಾಯಿಸುವ ಪದ್ಧತಿ ಉದ್ಯಮದ ಒಳಗಿನ ಒಪ್ಪಂದ ಮಾತ್ರ. ಹೂವಿನ ಸಂಗತಿ ಬೇರೆ. ಮೈಸೂರು, ಉಡುಪಿ, ಹಡಗಲಿ ಈ ಮೂರೂ ಮಲ್ಲಿಗೆಗಳಿಗೆ ಭೌಗೋಳಿಕ ಸೂಚಕ, ಎಂದರೆ ಇಂಥ ಊರಿನ ಸರಕಿಗಷ್ಟೇ ಇಂಥ ಹೆಸರು ಎಂಬ ರಕ್ಷೆ, ದೊರೆತಿದೆ. ಬೇರೆ ಸೀಮೆಯ ಹೂವನ್ನು ಬುಟ್ಟಿಯಲ್ಲಿಟ್ಟು ಮೈಸೂರು ಮಲ್ಲಿಗೆ ಎಂದು ಕೂಗಿದವರನ್ನು ಕಾನೂನು ಪ್ರಶ್ನಿಸಬಹುದು. ಹೂವಲ್ಲದ್ದಕ್ಕೆ ಆ ಹೆಸರಿಟ್ಟವರ ಗೊಡವೆಗೆ ಅದು ಹೋಗದು.

ಇಟ್ಟವರಿದ್ದರು. 2001ರಲ್ಲಿ ಇಬ್ಬರು ವಿದ್ಯಾರ್ಥಿಗಳು ತಮ್ಮಿಬ್ಬರಿಗಾಗಿ ಮಾತ್ರ ಚಿತ್ರಿಸಿಕೊಂಡಿದ್ದ ಖಾಸಗಿ ಗಳಿಗೆಗಳು ಅವರ ಒಪ್ಪಿಗೆಯಿಲ್ಲದೆ ಸೋರಿ, ಸಿ.ಡಿ.ಗಳಾಗಿ ಬೀದಿಬದಿಯಲ್ಲಿ ಬಿಕರಿಯಾದವು, ಮತ್ತು ಆ ಸರಕಿಗೆ ‘ಮೈಸೂರು ಮಲ್ಲಿಗೆ’ ಎಂಬ ಹೆಸರನ್ನು ಅಂಟಿಸಲಾಯಿತು. ಪ್ರಸ್ತುತ ಪ್ರಬಂಧದ ಯೋಜನೆಯಂತೆ ಇದು ನಾಲ್ಕನೆಯ ವರ್ಗ, ಅಪಶೀರ್ಷಿಕೆ. ಶೀರ್ಷಿಕಾಮೀಮಾಂಸೆಯು ಇದನ್ನು ಆದ್ಯಪಠ್ಯದ ‘ವಿಧ್ವಂಸಕ ಮರುಓದು’ ಎಂದೋ, ‘ಜನಪ್ರಿಯ ನೆಲೆಯಲ್ಲಿ ದಾಂಪತ್ಯ ಸಂಕಥನದ ಸ್ಥಾನಪಲ್ಲಟ’ ಎಂದೋ ಬಣ್ಣಿಸಿ ಮುಂದಿನ ಪುಟಕ್ಕೆ ಹೊರಳಬಹುದು. ಹೊರಳುವುದಕ್ಕೆಂದೇ ಇರುವ ಮಾತುಗಳು ಅವು. ಕದ್ದ ಮಾಲಿಗೆ ಯಾರೂ ಅನುಮಾನಿಸದ, ಮನೆಮನೆಯಲ್ಲೂ ಪ್ರೀತಿಯಿಂದ ಆಡುವ ಹೆಸರೊಂದು ಬೇಕಿತ್ತು, ಅದನ್ನೂ ಕದಿಯಲಾಯಿತು. ಸಂಕಥನವೂ ಇಲ್ಲ, ನೆಲೆಯೂ ಇಲ್ಲ, ಇದ್ದದ್ದು ವ್ಯಾಪಾರ. ಕೊಂಡವರು ಸಾವಿರಾರು ಗೌರವಸ್ಥರು, ಮತ್ತು ಇಂದಿಗೂ ಆ ಹೆಸರು ಕಿವಿಗೆ ಬಿದ್ದೊಡನೆ ತುಟಿಯಂಚಿನಲ್ಲಿ ನಗುವವರು ಅವರೇ. ತರಗತಿಯಲ್ಲಿ ಈ ಸಂಕಲನವನ್ನು ಪಾಠ ಮಾಡುವವರು ಹೆಸರಿಗೆ ಮುನ್ನ ‘ಕೆ.ಎಸ್.ನ. ಅವರ’ ಎಂಬ ಕಾವಲು ಹಾಕಿ, ಹಿಂದಿನ ಬೆಂಚಿನ ಗುಸುಗುಸು ಅಡಗುವವರೆಗೆ ಕಾಯಬೇಕಾಗಿ ಬಂದದ್ದು ಯಾವ ವಿಚಾರ ಸಂಕಿರಣದ ಸಂಪುಟಕ್ಕೂ ವಿಷಯವಾಗುವಂಥದಲ್ಲ.

ಬಳೆಗಾರ ಚೆನ್ನಯ್ಯ ನೆನಪಿಗೆ ಬರಬೇಕಾದದ್ದು ಇಲ್ಲಿ. ಒಂದು ಮನೆಯ ಒಳಗಿನ ಮಾತು ಅವನ ಕೈಗೂ ಸಿಕ್ಕಿತ್ತು, ಅವನೂ ಊರೂರು ತಿರುಗಿ ಮಾರುವವನೇ ಆಗಿದ್ದ. ಅವನು ಆ ಮಾತನ್ನು ತಲುಪಬೇಕಾದ ಒಬ್ಬನಿಗೆ ತಲುಪಿಸಿದ. ದಾರಿಯಲ್ಲಿ ಸಂತೆ ಸಿಕ್ಕರೆ ಅಲ್ಲಿ ಮಲಾರ ಬಿಚ್ಚಿ ಬಳೆ ಮಾರಿರಬಹುದು, ಆ ಹೆಂಗಸಿನ ಸುದ್ದಿಯನ್ನು ಮಾರುತ್ತಿರಲಿಲ್ಲ. ಆ ಪುಸ್ತಕದ ಒಲವೆಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ. ಅದನ್ನು ಓದಿದ್ದ ಯಾರಿಗೂ ಆ ಸಿ.ಡಿ.ಗೆ ಆ ಹೆಸರಿಡಲು ಕೈ ಬರುತ್ತಿರಲಿಲ್ಲ. ಕವಿ ಆಗ ಬದುಕಿದ್ದರು. 1915ರಲ್ಲಿ ಹುಟ್ಟಿದ ಅವರಿಗೆ 86 ವರ್ಷ. ತೀರಿಕೊಂಡದ್ದು 2003ರ ಡಿಸೆಂಬರಿನಲ್ಲಿ.

ನಾಲ್ಕನೆಯ ವರ್ಗವನ್ನು ಅದರ ಏಳೂ ಉಪಭೇದಗಳ ಸಮೇತ ಈ ಪ್ರಬಂಧ ಹಿಂತೆಗೆದುಕೊಳ್ಳುತ್ತದೆ. ಅದಕ್ಕೆ ಕಳವು ಎಂಬ ಪದ ಯಾವ ಠಾಣೆಯಲ್ಲಾದರೂ ಸಿಗುತ್ತಿತ್ತು, ಆದರೆ ಆ ಕಾಲದ ಕಾನೂನಿಗೆ ಅದೂ ಕಷ್ಟವಿತ್ತು. ಹೂವಿನ ಹೆಸರಿಗೆ ಕಾವಲು ಹಾಕುವ ಕಾಯ್ದೆಯನ್ನು ಸಂಸತ್ತು 1999ರಲ್ಲೇ ಅಂಗೀಕರಿಸಿತ್ತು. ಒಬ್ಬರ ಖಾಸಗಿ ಚಿತ್ರವನ್ನು ಒಪ್ಪಿಗೆಯಿಲ್ಲದೆ ಹಂಚುವುದು ಅಪರಾಧವೆಂದು ನೇರವಾಗಿ ಹೇಳುವ 66ಇ ಕಲಮು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಸೇರಿದ್ದು 2008ರ ತಿದ್ದುಪಡಿಯಲ್ಲಿ. 2001ರಲ್ಲಿ ಪೊಲೀಸರ ಕೈಯಲ್ಲಿ ಮುಖ್ಯವಾಗಿ ಇದ್ದದ್ದು ಅಶ್ಲೀಲ ವಸ್ತುಗಳ ಮಾರಾಟವನ್ನು ತಡೆಯುವ ದಂಡಸಂಹಿತೆಯ ಹಳೆಯ 292ನೆಯ ಕಲಮು, ಮತ್ತು ಆ ಕಲಮಿನ ಚಿಂತೆಯೆಲ್ಲ ಕೊಂಡು ನೋಡುವವರ ಮನಸ್ಸು ಕೆಡುವುದರ ಬಗ್ಗೆ.