ಮುಖ ನೋಡಿ ಮಣೆ ಹಾಕಬೇಡಿ

ಬೀಗಲ್ ನಾಯಿಯನ್ನು ಮಾತಾಡಿಸಲು ಹೋದವರು ಅದರ ಕಣ್ಣಿಗೆ ಮರುಳಾಗಿ, ಕೇಳಬೇಕಾದ್ದನ್ನು ಮರೆತು, ಬಿಸ್ಕತ್ತು ಕೊಟ್ಟು ವಾಪಸಾಗುತ್ತಾರೆ. ಆದರೆ ಆ ದೇಹದ ಆಡಳಿತ ಕಣ್ಣಿನದಲ್ಲ, ಕಿವಿಯದಂತೂ ಅಲ್ಲವೇ ಅಲ್ಲ. ತೀರ್ಮಾನವೆಲ್ಲ ಮೂಗಿನದು. ಆದ್ದರಿಂದ ಅಮೆರಿಕದ ಹೊಲದಂಚಿನ ಮುಳ್ಳುಪೊದೆಯೊಂದರ ಬಳಿ ನೇರವಾಗಿ ಮೂಗನ್ನೇ ಮಾತಿಗೆಳೆಯಲಾಯಿತು. ಉಳಿದ ನಾಯಿ ಅದರ ಹಿಂದೆ ತಾನಾಗಿ ಬಂತು.

ಮೂಗಿನವರೇ, ಮನೆಯಲ್ಲಿ ಮುದ್ದಿಗೂ ಆಗಬೇಕು, ರಜೆಯಲ್ಲಿ ಮೊಲದ ಬೇಟೆಗೂ ಒದಗಬೇಕು ಎನ್ನುವವರು ನಿಮ್ಮನ್ನು ಆರಿಸುತ್ತಾರೆ. ಆಯ್ಕೆ ಸರಿಯೇ?

ಆಯ್ಕೆ ಸರಿ, ಕಾರಣ ತಪ್ಪು. ಅವರು ಆರಿಸುವುದು ಜೋಲುಕಿವಿಯನ್ನು, ತೇವಗಣ್ಣನ್ನು. ಮನೆಗೆ ಬರುವವನು ನಾನು. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50 ಲಕ್ಷ ಎನ್ನುತ್ತಾರೆ. ನನ್ನಲ್ಲಿ 22 ಕೋಟಿಯ ಹತ್ತಿರ. ಇಷ್ಟು ದೊಡ್ಡ ಕಚೇರಿಯನ್ನು ಹದಿಮೂರರಿಂದ ಹದಿನೈದು ಅಂಗುಲ ಎತ್ತರದ ಪುಟ್ಟ ಕಟ್ಟಡದಲ್ಲಿ ಕೂರಿಸಿದ್ದು ಆಕಸ್ಮಿಕವಲ್ಲ. ನರಿಬೇಟೆಯ ದೊಡ್ಡ ನಾಯಿಗಳ ಹಿಂದೆ ಕುದುರೆ ಓಡಬೇಕು. ನನ್ನ ಹಿಂದೆ ಮನುಷ್ಯ ಕಾಲ್ನಡಿಗೆಯಲ್ಲೇ ಬರಬಹುದು. 1830ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಪಾದ್ರಿ ಹನಿವುಡ್ ಕಟ್ಟಿದ ಹಿಂಡು ನಮ್ಮ ಇಂದಿನ ವಂಶಕ್ಕೆ ಮೂಲವೆಂದು ಹೇಳುವುದುಂಟು. ಕುದುರೆ ಇಲ್ಲದವನಿಗೂ ಒದಗುವ ಬೇಟೆನಾಯಿ ನಾನು. ಈಗ ನನ್ನನ್ನು ಬರೀ ಮುಖವೆಂದು ಕೊಳ್ಳುವವರಿಗೆ ಮೂಗಿಗಿಂತ ಮೂಗುತಿ ಭಾರವಾಗಿದೆ.

ಓಟವಿಲ್ಲದ ನಾಯಿ ಮೊಲವನ್ನು ಹಿಡಿಯುವುದುಂಟೇ? ನಮ್ಮ ಮುಧೋಳದ ನಾಯಿ ಇದನ್ನು ಕೇಳಿದರೆ ಮೂಗು ಮುರಿದೀತು.

ಮುರಿಯಲಿ, ಅದಕ್ಕೆ ಮೂಗಿನಿಂದ ಬೇರೆ ಕೆಲಸವೇನಿದೆ! ಮುಧೋಳದ್ದು ಕಣ್ಣಿನ ಬೇಟೆ: ಬಯಲಿನಲ್ಲಿ ಕಂಡದ್ದನ್ನು ಓಡಿ ಹಿಡಿಯುತ್ತದೆ. ನನ್ನದು ಕಾಣದ್ದನ್ನು ಹುಡುಕುವ ಬೇಟೆ. ಹಿಡಿಯುವುದು ನನ್ನ ಕರಾರಿನಲ್ಲೇ ಇಲ್ಲ. ಇಲ್ಲಿನ ಕಾಟನ್‌ಟೇಲ್ ಮೊಲಕ್ಕೆ ತನ್ನ ಪುಟ್ಟ ಸೀಮೆ ಬಿಟ್ಟು ಹೋಗಲು ಮನಸ್ಸಿಲ್ಲ. ಎಬ್ಬಿಸಿದರೆ ಸುತ್ತು ಹೊಡೆದು, ಎದ್ದ ಜಾಗದ ಆಸುಪಾಸಿಗೇ ಮರಳುತ್ತದೆ. ನಾನು ಹೆಜ್ಜೆವಾಸನೆ ಹಿಡಿದು ಕೂಗುತ್ತ ಹಿಂಬಾಲಿಸುತ್ತೇನೆ. ಬಂದೂಕಿನವನು ನಿಂತಲ್ಲೇ ನಿಂತು, ನನ್ನ ಕೂಗು ಯಾವ ಕಡೆ ತಿರುಗಿತೆಂದು ಕಿವಿಗೊಟ್ಟು ಕಾಯುತ್ತಾನೆ. ವಿಪರೀತ ಒತ್ತಿದರೆ ಮೊಲ ಸುತ್ತು ಬಿಟ್ಟು ಬಿಲ ಸೇರುತ್ತದೆ, ಆಟ ಮುಗಿಯುತ್ತದೆ. ಹಾಗೆಂದು ನಿಧಾನವೇ ಪ್ರಧಾನವೆಂದೂ ಹೊರಡಬೇಡಿ. ಇಲ್ಲಿನ ಒಂದು ಬಗೆಯ ಸ್ಪರ್ಧೆಯಲ್ಲಿ ಹೆಜ್ಜೆ ತಪ್ಪದ ನಾಯಿಗೇ ಬಹುಮಾನ ಕೊಟ್ಟು ಕೊಟ್ಟು, ಕೊನೆಗೆ ನಡೆಯಲೂ ಯೋಚಿಸುವ ವಂಶಗಳು ಹುಟ್ಟಿಕೊಂಡವು. ಆದ್ದರಿಂದ ಮರಿ ಕೊಳ್ಳುವವರು ಗೋಡೆಯ ಮೇಲಿನ ಪದಕ ಎಣಿಸುವುದು ಬಿಟ್ಟು, ಅದರ ತಾಯಿತಂದೆಯನ್ನು ಪೊದೆಯಲ್ಲಿ ನೋಡಲಿ: ವಾಸನೆ ತಪ್ಪಿದಾಗ ಗಾಬರಿಯಾಗುತ್ತವೆಯೋ, ಹಿಂದೆ ಸರಿದು ಮತ್ತೆ ಹುಡುಕುತ್ತವೆಯೋ, ಗುಂಡಿನ ಸದ್ದಿಗೆ ಬಾಲ ಮುದುರುತ್ತವೆಯೋ.

ಮನೆಯೊಳಗೆ ಸಾಕಿದ ನಾಯಿ ಬೇಟೆ ಮರೆಯುತ್ತದೆ ಎಂಬ ಮಾತಿದೆಯಲ್ಲ?

ಹಳಬರ ಆ ಆಕ್ಷೇಪಣೆಯಲ್ಲಿ ಅರ್ಧ ಸತ್ಯವಿದೆ. ಬೇಟೆ ಕೆಡಿಸುವುದು ಸೋಫಾ ಅಲ್ಲ, ಸೋಫಾದ ಮೇಲೆ ಕೂತವರ ತಟ್ಟೆ. ನಮಗೆ ಬೊಜ್ಜು ಬಲು ಬೇಗ ಬರುತ್ತದೆ. ಮೈ ಭಾರವಾದರೆ ಮೂಗು ಎಷ್ಟು ಚುರುಕಾಗಿದ್ದರೇನು? ಮನೆವಾಸವಂತೂ ವಂಶದ ಗುಣವನ್ನು ಅಳಿಸದು. ಹಿಂಡಿನಲ್ಲಿ ಜಗಳವಾಡದೆ ದುಡಿಯಲೆಂದು ಬೆಳೆಸಿದ್ದರಿಂದಲೇ ಮಕ್ಕಳ ಜೊತೆಗೂ ಬೇರೆ ನಾಯಿಗಳ ಜೊತೆಗೂ ಹೊಂದಿಕೊಳ್ಳುತ್ತೇವೆ. ನೀವು ಒಳ್ಳೆಯ ಗುಣ ಎನ್ನುವುದೂ, ಕೆಟ್ಟ ಚಾಳಿ ಎನ್ನುವುದೂ ಒಂದೇ ನೂಲಿನ ಎರಡು ತುದಿ. ಹೊಲದಲ್ಲಿ ದಾರಿ ತೋರುವ ಕೂಗು ಮನೆಯಲ್ಲಿ ಪಕ್ಕದವರ ದೂರಾಗುತ್ತದೆ. ಮೊಲದ ಜಾಡಿನಲ್ಲಿ ಹಟವೆಂದು ಹೊಗಳಿಸಿಕೊಂಡದ್ದು, ಗೇಟು ದಾಟಿ ಓಡಿದಾಗ ಕಿವುಡುತನವಾಗುತ್ತದೆ. ಬೇಲಿ ಭದ್ರವಿಲ್ಲದವರು, ಕೊರಳಪಟ್ಟಿಗೆ ಹಗ್ಗ ಹಾಕದೆ ಬಯಲಿಗೆ ಬಿಡುವವರು, ಕರೆದ ಕೂಡಲೇ ಬರಬೇಕೆನ್ನುವವರು ಬೇರೆ ತಳಿ ನೋಡುವುದು ಲೇಸು.

ಮೊಲದ ಕಡೆಯಿಂದಲೂ ಒಂದು ಪ್ರಶ್ನೆ. ನಿಮ್ಮ ಖುಷಿಗೆ ಅದರ ಪ್ರಾಣ ಹೋಗಬೇಕೇ?

ನ್ಯಾಯವಾದ ಪ್ರಶ್ನೆ; ಉತ್ತರ ಆಯಾ ನೆಲದ ಕಾನೂನಿನಲ್ಲಿದೆ. ಅಮೆರಿಕದಲ್ಲಿ ಪರವಾನಗಿ ಪಡೆದು, ಋತುವಿನಲ್ಲಿ ಬೇಟೆಯಾಡಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆ ಹೇರ್ ಎಂಬ ದೊಡ್ಡ ಕಾಡುಮೊಲದ ಮೇಲೆ ನಾಯಿ ಬಿಡುವುದನ್ನು ನಿಷೇಧಿಸಿತು. ನಿಮ್ಮ ದೇಶದಲ್ಲಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಬೆಂಗಳೂರಿನ ಫ್ಲಾಟಿನವರು ನನ್ನನ್ನು ಮೊಲದ ಮೇಲೆ ಬಿಡುವ ಮಾತೇ ಇಲ್ಲ. ಆದರೆ ಒಂದು ಗುಟ್ಟು ಹೇಳುತ್ತೇನೆ: ನನಗೆ ಬೇಕಾದ್ದು ಮೊಲವಲ್ಲ, ಜಾಡು. ನೆಲದ ಮೇಲೆ ಮನುಷ್ಯರೇ ವಾಸನೆ ಎಳೆದಿಟ್ಟರೂ ಅಷ್ಟೇ ಶ್ರದ್ಧೆಯಿಂದ ಹಿಂಬಾಲಿಸುತ್ತೇನೆ. 1984ರಲ್ಲಿ ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಅಮೆರಿಕದ ಕೃಷಿ ಇಲಾಖೆ ನಮಗೆ ನೌಕರಿ ಕೊಟ್ಟಿತು. ಪ್ರಯಾಣಿಕರ ಚೀಲದಲ್ಲಿ ಅಡಗಿದ ಮಾವು, ಮಾಂಸ ಪತ್ತೆಹಚ್ಚುವುದು. ಊರಿಂದ ಹಣ್ಣು ಬಚ್ಚಿಟ್ಟು ಒಯ್ಯುವ ನಿಮ್ಮ ಬಂಧುಗಳಿಗೆ ನಮ್ಮ ಪರಿಚಯವಿರಬಹುದು. ಹಾಗಾಗಿ ಫ್ಲಾಟಿನವರು ದಿನವೂ ಮೂಸಲು ಬಿಟ್ಟು ನಿಧಾನವಾಗಿ ನಡೆಸಲಿ, ತಿಂಡಿ ಬಚ್ಚಿಟ್ಟು ಹುಡುಕಿಸಲಿ. ಇಲ್ಲದಿದ್ದರೆ ಕೆಲಸವಿಲ್ಲದ ಬಡಗಿ ಏನು ಕೆತ್ತಿದನೆಂಬ ಗಾದೆ ಗೊತ್ತಲ್ಲ. ನಾನು ಸೋಫಾ ಕೆತ್ತುತ್ತೇನೆ.

ಇಷ್ಟು ಸೌಮ್ಯ ಪ್ರಾಣಿಗೆ ಮನುಷ್ಯರ ಮೇಲೆ ಇಷ್ಟು ಸಿಟ್ಟೇಕೆ?

ಸೌಮ್ಯವೆಂಬ ಆ ಪ್ರಶಸ್ತಿಪತ್ರವೇ ನಮಗೆ ಮುಳುವಾಯಿತು. ಚಿಕ್ಕ ಮೈ, ಹಿಂಡಿನಲ್ಲಿ ಹೊಂದಿಕೆ, ನೋವಾದರೂ ಕಚ್ಚದ ಗುಣ ನೋಡಿ ಔಷಧ ಪರೀಕ್ಷೆಯ ಪ್ರಯೋಗಾಲಯಗಳು ನಮ್ಮನ್ನೇ ಆರಿಸಿಕೊಂಡವು. 2022ರಲ್ಲಿ ವರ್ಜೀನಿಯಾದ ಒಂದೇ ತಳಿಕೇಂದ್ರದಿಂದ ಸುಮಾರು 4,000 ಬೀಗಲ್‌ಗಳನ್ನು ಬಿಡಿಸಿ ಮನೆಗಳಿಗೆ ಕೊಡಬೇಕಾಯಿತು. ಮುಖ ನೋಡಿದವರು ಸೋಫಾ ಕೊಟ್ಟರು, ಸ್ವಭಾವ ನೋಡಿದವರು ಪಂಜರ ಕೊಟ್ಟರು. ಇವನಿಗೆ ಏನು ಬರುತ್ತದೆ ಎಂದು ಕೇಳಿದವರು ಮೊಲದ ಬೇಟೆಗಾರರು ಮತ್ತು ವಿಮಾನ ನಿಲ್ದಾಣದವರು ಮಾತ್ರ. ಮರಿಯನ್ನು ಎತ್ತಿಕೊಳ್ಳುವ ಮೊದಲು ನೀವೂ ಅದನ್ನೇ ಕೇಳಿ. ಉತ್ತರ ನಿಮ್ಮ ಕಾಲಿನ ಬೆರಳಿನಿಂದ ಅಡುಗೆಮನೆಯವರೆಗೆ ಆಗಲೇ ಮೂಸಿಕೊಂಡು ಹೋಗಿರುತ್ತದೆ.